ಪರದೆಯ ಮೇಲಿನ ಆಟಿಸಂ: ದಿನವಿಡೀ ಆಸರೆ ಬೇಕಾದವರು ಎಲ್ಲಿದ್ದಾರೆ?

ಪ್ರಶ್ನೆ: ಸಾಗರದ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಆಟಿಸಂ ಇದೆ. ವಯಸ್ಸು ಮೂವತ್ತರ ಹತ್ತಿರ ಬಂದಿದೆ. ಅವನು ಆಡುವ ಪದಗಳು ಬೆರಳೆಣಿಕೆಯಷ್ಟು; ಸ್ನಾನ, ಊಟ, ಶೌಚ ಎಲ್ಲಕ್ಕೂ ಒಬ್ಬರು ಜೊತೆಗಿರಬೇಕು; ಫಿಟ್ಸ್ ಬರುವುದರಿಂದ ರಾತ್ರಿಯೂ ಅಮ್ಮನೋ ನಾನೋ ಅವನ ಕೋಣೆಯಲ್ಲೇ ಮಲಗುತ್ತೇವೆ. ಅವನಿಗೆ ಇಷ್ಟಗಳಿವೆ, ಹಟವಿದೆ, ನಗುವಿದೆ. ಮಳೆ ಬರುವಷ್ಟು ಹೊತ್ತು ಜಗಲಿ ಬಿಟ್ಟು ಏಳುವುದಿಲ್ಲ. ಆದರೆ ಜನರು ಪ್ರತಿಭೆ ಎಂದು ಕರೆಯುವಂಥದ್ದು ಅವನಲ್ಲಿ ಯಾವುದೂ ಇಲ್ಲ.

ಏಪ್ರಿಲ್ 2ರ ವಿಶ್ವ ಆಟಿಸಂ ಜಾಗೃತಿ ದಿನ ಬಂದಾಗಲೆಲ್ಲ ಪತ್ರಿಕೆ, ಟಿವಿ, ವಾಟ್ಸ್‌ಆ್ಯಪ್‌ಗಳಲ್ಲಿ ನನಗೆ ಎರಡೇ ಬಗೆಯ ಚಿತ್ರಗಳು ಕಾಣುತ್ತವೆ. ಒಂದು, ಲೆಕ್ಕದಲ್ಲೋ ಚಿತ್ರಕಲೆಯಲ್ಲೋ ಕಂಪ್ಯೂಟರಿನಲ್ಲೋ ಅಸಾಮಾನ್ಯನಾದ ಯುವಕ. ಇನ್ನೊಂದು, ಥೆರಪಿಗೆ ಹೋಗುವ ನಾಲ್ಕೈದು ವರ್ಷದ ಮುದ್ದು ಮಗು. ಆ ಮಗುವಿಗೆ ಗಡ್ಡ ಮೀಸೆ ಬಂದ ಮೇಲೂ ಮಾತು ಬಾರದೆ ಹೋದರೆ, ನೋಡಿಕೊಳ್ಳುವ ತಾಯಿಗೆ ಮಂಡಿನೋವು ಶುರುವಾದರೆ, ಆ ಮನೆ ಹೇಗೆ ನಡೆಯುತ್ತದೆ ಎಂಬುದನ್ನು ಯಾರೂ ತೋರಿಸುವುದಿಲ್ಲ. ಬಂದ ನೆಂಟರು ಮಾತ್ರ ತಪ್ಪದೆ ಕೇಳುತ್ತಾರೆ, "ಇವನಿಗೆ ಏನೋ ವಿಶೇಷ ಶಕ್ತಿ ಇರಬೇಕಲ್ಲ?" ಎಂದು.

ಈಗ ನಮ್ಮ ಕಡೆಯ ಕೆಲವು ಕಾಲೇಜು ವಿದ್ಯಾರ್ಥಿಗಳು ಆಟಿಸಂ ಕುರಿತು ಕಿರು ಸಾಕ್ಷ್ಯಚಿತ್ರ ಮಾಡುತ್ತಿದ್ದು, ನಮ್ಮ ಮನೆಯಲ್ಲಿಯೂ ಚಿತ್ರೀಕರಿಸಬಹುದೇ ಎಂದು ಕೇಳಿದ್ದಾರೆ. ಅಮ್ಮನಿಗೆ ಇಷ್ಟವಿಲ್ಲ. ತಮ್ಮನಂಥವರು ಕಾಣಿಸಬೇಕೆಂಬ ಆಸೆ ನನಗಿದೆ. ಅವನನ್ನು ಕರುಣೆಯ ವಸ್ತುವಾಗಿಸಬಾರದೆಂಬ ಭಯವೂ ಇದೆ. ಇದರ ಬಗ್ಗೆ ತಿಳಿದವರು, ಸ್ವತಃ ಆಟಿಸಂ ಇರುವವರು, ದಯವಿಟ್ಟು ನಿಮ್ಮ ಅಭಿಪ್ರಾಯವನ್ನು ಬರೆಯಿರಿ.

ಉತ್ತರ 1: ವಿಶೇಷ ಶಿಕ್ಷಕಿ, ಮೈಸೂರು

ನಿಮ್ಮ ನೆಂಟರು ಕೇಳುವ ಪ್ರಶ್ನೆಯ ಬೇರು ಬಹುಮಟ್ಟಿಗೆ 1988ರ ಹಾಲಿವುಡ್ ಚಿತ್ರ 'ರೇನ್ ಮ್ಯಾನ್'ನಲ್ಲಿದೆ. ಡಸ್ಟಿನ್ ಹಾಫ್‌ಮನ್ ಅವರಿಗೆ ಶ್ರೇಷ್ಠ ನಟನ ಆಸ್ಕರ್ ತಂದುಕೊಟ್ಟ ಆ ಪಾತ್ರವನ್ನು ಜಗತ್ತು ನೆನಪಿಟ್ಟುಕೊಂಡದ್ದು ಕ್ಷಣಾರ್ಧದಲ್ಲಿ ಲೆಕ್ಕ ಮಾಡುವ, ಇಸ್ಪೀಟೆಲೆಗಳನ್ನು ನೆನಪಿಡುವ ಅದ್ಭುತ ಶಕ್ತಿಗಾಗಿ. ಆದರೆ ಕಥೆಯನ್ನು ಗಮನವಿಟ್ಟು ನೋಡಿದರೆ ಆ ಪಾತ್ರ, ಅಂದರೆ ರೇಮಂಡ್, ಒಂದು ಆರೈಕೆ ಸಂಸ್ಥೆಯಲ್ಲಿ ವಾಸಿಸುವವನು, ದಿನದ ಪ್ರತಿಯೊಂದು ಕ್ರಮಕ್ಕೂ ನೆರವು ಬೇಕಾದವನು, ಕೊನೆಗೆ ಆ ಸಂಸ್ಥೆಗೇ ಮರಳುವವನು. ಹೆಚ್ಚಿನ ನೆರವು ಬೇಕಾದ ವ್ಯಕ್ತಿ ಆ ಪರದೆಯ ಮೇಲೆ ಇದ್ದೇ ಇದ್ದ. ನೋಡಿದವರು ಅವನ ಲೆಕ್ಕವನ್ನು ಉಳಿಸಿಕೊಂಡು ಉಳಿದದ್ದನ್ನು ಬಿಟ್ಟರು.

ಆ ಪಾತ್ರಕ್ಕೆ ಸ್ಫೂರ್ತಿಯಾದ ಅಮೆರಿಕದ ಕಿಮ್ ಪೀಕ್ ಅವರ ವಿಷಯದಲ್ಲಿಯೂ ಹೀಗೆಯೇ ಆಯಿತು. ಅವರಿಗೆ ಇದ್ದದ್ದು ಆಟಿಸಂ ಅಲ್ಲ, ಹುಟ್ಟಿನಿಂದಲೇ ಮೆದುಳಿನ ಎರಡು ಭಾಗಗಳನ್ನು ಬೆಸೆಯುವ ನರತಂತುಗಳ ಕಟ್ಟು ಇಲ್ಲದಿದ್ದ ಸ್ಥಿತಿ. ಓದಿದ ಸಾವಿರಾರು ಪುಸ್ತಕಗಳನ್ನು ನೆನಪಿನಲ್ಲಿಟ್ಟಿದ್ದ ಅವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದು ಕಷ್ಟವಾಗಿತ್ತು. ನಿತ್ಯದ ಆರೈಕೆಯನ್ನು ಮಾಡುತ್ತಿದ್ದವರು ಅವರ ತಂದೆ. ಆ ತಂದೆಯ ಕೆಲಸದ ಬಗ್ಗೆ ಎಷ್ಟು ಜನರಿಗೆ ಗೊತ್ತು?

ರೋಗನಿರ್ಣಯದ ವ್ಯವಸ್ಥೆಯೂ ಈ ಗೊಂದಲಕ್ಕೆ ಸ್ವಲ್ಪ ಕಾರಣವಾಯಿತು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಆಸ್ಪರ್ಗರ್ ಸಿಂಡ್ರೋಮ್ ಸೇರಿದಂತೆ ಹಿಂದಿನ ಹಲವು ವಿಭಾಗಗಳನ್ನು ಆಟಿಸಂ ಸ್ಪೆಕ್ಟ್ರಂ ಎಂಬ ಒಂದೇ ಹೆಸರಿನಡಿ ತಂದಿತು. ಜೊತೆಗೆ ನೆರವು ಬೇಕು, ಗಣನೀಯ ನೆರವು ಬೇಕು, ಅತಿ ಹೆಚ್ಚು ನೆರವು ಬೇಕು ಎಂಬ ಮೂರು ಹಂತಗಳನ್ನೂ ಕೊಟ್ಟಿತು. ಸಾಮಾಜಿಕ ಸಂವಹನಕ್ಕೊಂದು, ಪುನರಾವರ್ತಿತ ವರ್ತನೆಗಳಿಗೊಂದು ಎಂದು ಹಂತಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಸಂದರ್ಭಕ್ಕೆ ತಕ್ಕಂತೆ, ಕಾಲಕ್ಕೆ ತಕ್ಕಂತೆ ಅವು ಬದಲಾಗಬಹುದು. ಸಾರ್ವಜನಿಕ ಮಾತಿಗೆ ಬರುವಾಗ ಹೆಸರು ಮಾತ್ರ ಬಂತು, ಹಂತಗಳು ಕಡತದಲ್ಲೇ ಉಳಿದವು. ಹಾಗಾಗಿ ಆಟಿಸಂ ಎಂದು ಕೇಳಿದ ತಕ್ಷಣ ಕೇಳುಗರ ಮನಸ್ಸಿನಲ್ಲಿ ತಾವು ಪರದೆಯ ಮೇಲೆ ಕಂಡ ಯಾರೋ ಒಬ್ಬರು ಮೂಡುತ್ತಾರೆ, ಮತ್ತು ಎದುರಿಗಿರುವ ಮಗುವನ್ನು ಆ ಒಬ್ಬರ ಪಕ್ಕದಲ್ಲಿ ನಿಲ್ಲಿಸಿ ಅಳೆಯುತ್ತಾರೆ. ಇದನ್ನು ನಾನು ಶಾಲೆಗೆ ಬರುವ ಹೊಸ ಪೋಷಕರಲ್ಲಿಯೇ ಕಾಣುತ್ತೇನೆ. ಮಗು ತಟ್ಟೆಯನ್ನು ತಾನೇ ತೊಳೆದಿಡಲು ಕಲಿತ ದಿನ ಅವರಿಗೆ ಸಂತೋಷವಾಗುವುದಿಲ್ಲ, ಯಾಕೆಂದರೆ ಅವರು ಕಾಯುತ್ತಿರುವುದು ಕೀಬೋರ್ಡ್ ನುಡಿಸುವ ದಿನಕ್ಕೆ.

ಆದ್ದರಿಂದ ಆ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ನಿಮ್ಮ ತಮ್ಮನನ್ನು ತೋರಿಸುವುದಾದರೆ ಅವನಿಗೆ ಸಿಗುತ್ತಿರುವ ನೆರವನ್ನೂ ತೋರಿಸಲಿ. ಯಾರು, ಯಾವ ಹೊತ್ತಿಗೆ, ಏನು ಮಾಡುತ್ತಾರೆ. ಆ ನೆರವು ಒಂದು ದಿನ ಇಲ್ಲದಿದ್ದರೆ ಏನು ನಿಂತುಹೋಗುತ್ತದೆ. ಅದಕ್ಕೆ ಸರ್ಕಾರದಿಂದ, ಊರಿನಿಂದ ಬರುತ್ತಿರುವ ಪಾಲು ಎಷ್ಟು. ನಾನು ನೋಡಿದ ಚಿತ್ರಣಗಳಲ್ಲಿ ಬಹುಪಾಲು ಬಿಟ್ಟುಹೋಗಿರುವುದು ಇದೇ.

ಉತ್ತರ 2: ತಡವಾಗಿ ತಿಳಿದವನು, ಬೆಂಗಳೂರು

ನಾನು ಆಟಿಸಂ ಇರುವ ವ್ಯಕ್ತಿ. ಮದುವೆಯಾಗಿ, ಕೆಲಸದಲ್ಲಿ ನೆಲೆ ನಿಂತ ಮೇಲೆ ನನಗಿದು ತಿಳಿಯಿತು. ಅಕ್ಕ, ನಿಮ್ಮ ದೂರು ನ್ಯಾಯವಾದದ್ದು. ಹಾಗೆಂದು ನಮ್ಮಂಥವರಿಗೆ ಚೆನ್ನಾಗಿ ಒದಗುವ ಚಿತ್ರ ನಿಮ್ಮ ತಮ್ಮನಿಗೆ ಮಾತ್ರ ಒದಗಲಿಲ್ಲ ಎಂದು ಯಾರೂ ಭಾವಿಸಬಾರದು. ಪ್ರತಿಭಾವಂತನ ಆ ಚಿತ್ರ ನನ್ನನ್ನೂ ಹೊರಗಿಡುತ್ತದೆ. ಕಚೇರಿಯಲ್ಲಿ ಬೆಳಕು, ಗದ್ದಲ, ಒಮ್ಮೆಲೇ ಬದಲಾಗುವ ಕಾರ್ಯಕ್ರಮಗಳಿಂದ ಸಂಜೆಯ ಹೊತ್ತಿಗೆ ನನಗೆ ಮಾತೇ ಹೊರಡದಂತಾಗುವ ದಿನಗಳಿವೆ. ನನ್ನ ಬಟ್ಟೆ, ಬಿಲ್ಲು, ಡಾಕ್ಟರ ಭೇಟಿ ಎಲ್ಲವನ್ನೂ ನನ್ನ ಹೆಂಡತಿ ನೋಡಿಕೊಳ್ಳುತ್ತಾಳೆ. ಅವಳ ನೆರವು ಯಾರಿಗೂ ಕಾಣದ ಕಾರಣ ನನಗೆ ನೆರವೇ ಬೇಡವೆಂದು ಎಲ್ಲರೂ ತೀರ್ಮಾನಿಸಿದ್ದಾರೆ.

ಉಪಯೋಗಕ್ಕೆ ಬರುವವರು, ಬಾರದವರು ಎಂದು ಆಟಿಸಂ ಇರುವವರನ್ನು ಎರಡಾಗಿ ಒಡೆಯುವುದು ನನಗೆ ತೀವ್ರ ಭಯ ಹುಟ್ಟಿಸುತ್ತದೆ, ಏಕೆಂದರೆ ಅದಕ್ಕೆ ಒಂದು ಚರಿತ್ರೆ ಇದೆ. ವಿಯೆನ್ನಾದ ಮಕ್ಕಳ ವೈದ್ಯ ಹನ್ಸ್ ಆಸ್ಪರ್ಗರ್ 1944ರಲ್ಲಿ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಕೆಲವು ಮಕ್ಕಳ ಬುದ್ಧಿಶಕ್ತಿಯನ್ನು ಮೆಚ್ಚಿ ಬರೆದರು. ಅದೇ ಕಾಲದಲ್ಲಿ, ತೀವ್ರ ಅಂಗವೈಕಲ್ಯವಿದ್ದ ಮಕ್ಕಳನ್ನು ನಾಜಿಗಳು ಕೊಲ್ಲುತ್ತಿದ್ದ ಆಮ್ ಸ್ಪೀಗಲ್‌ಗ್ರುಂಡ್ ಸಂಸ್ಥೆಗೆ ಬೇರೆ ಕೆಲವು ಮಕ್ಕಳನ್ನು ಕಳುಹಿಸಲು ಶಿಫಾರಸು ಮಾಡಿದರು. ಇತಿಹಾಸಕಾರ ಹೆರ್ವಿಗ್ ಚೆಕ್ 2018ರಲ್ಲಿ ದಾಖಲೆಗಳ ಸಮೇತ ಇದನ್ನು ಪ್ರಕಟಿಸಿದರು. 2022ರ ಕೊರಿಯನ್ ಧಾರಾವಾಹಿ 'ಎಕ್ಸ್‌ಟ್ರಾರ್ಡಿನರಿ ಅಟಾರ್ನಿ ವೂ' ಅಪಾರ ನೆನಪಿನ ಶಕ್ತಿಯ ವಕೀಲೆಯ ಕಥೆಯಾದ್ದರಿಂದ ಅದೂ ಪ್ರತಿಭೆಯ ಜಾಡಿನದೇ. ಆದರೂ ಅದರ ಮೂರನೆಯ ಕಂತಿನಲ್ಲಿ ಆಕೆ ತನಗಿಂತ ಬಹಳ ಹೆಚ್ಚು ನೆರವು ಬೇಕಾದ ಯುವಕನೊಬ್ಬನ ಪರ ವಾದಿಸಬೇಕಾಗುತ್ತದೆ, ಆಸ್ಪರ್ಗರ್‌ನ ಈ ಇತಿಹಾಸವನ್ನು ನೆನೆಯುತ್ತಾಳೆ. ಜನಪ್ರಿಯ ಕಥೆಯೊಂದು ಈ ಅಂತರವನ್ನು ಎದುರಿಗಿಟ್ಟು ನೋಡಿದ್ದು ನನಗೆ ಮುಖ್ಯವೆನಿಸಿತು.

ಒಂದು ವಿನಂತಿ ಇದೆ. ಮೆಲ್ಟ್‌ಡೌನ್ (ಒತ್ತಡ ಮಿತಿಮೀರಿ ಹಿಡಿತ ತಪ್ಪುವುದು) ಆಗುತ್ತಿರುವಾಗ, ಸ್ನಾನ ಶೌಚಗಳ ಹೊತ್ತಿನಲ್ಲಿ ಕ್ಯಾಮೆರಾ ಹಿಡಿಯಲು ದಯವಿಟ್ಟು ಬಿಡಬೇಡಿ. ಕಷ್ಟವನ್ನು ನಂಬಿಸಲು ಅದೊಂದೇ ದಾರಿ ಎಂದು ಹೇಳುವವರಿದ್ದಾರೆ. ಮೂವತ್ತರ ಹರೆಯದ ಯಾವ ಗಂಡಸೂ ತನ್ನ ಅತ್ಯಂತ ಅಸಹಾಯಕ ಗಳಿಗೆ ಇಡೀ ಊರಿನ ಮೊಬೈಲಿನಲ್ಲಿ ಓಡಾಡಲು ಒಪ್ಪುವುದಿಲ್ಲ, ಮಾತು ಬಾರದಿದ್ದರೂ.

ಉತ್ತರ 3: ನ್ಯೂಜೆರ್ಸಿಯಿಂದ ಒಬ್ಬ ತಂದೆ

ಮೇಲಿನವರ ಕೊನೆಯ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ವಿಭಾಗಿಸುವುದೇ ಅಪಾಯ ಎಂಬುದನ್ನು ಒಪ್ಪಲಾರೆ. ನನ್ನ ಮಗಳಿಗೆ ಹದಿನೇಳು ವರ್ಷ; ಅಕ್ಕನ ತಮ್ಮನ ಹಾಗೆಯೇ ದಿನವಿಡೀ ಜೊತೆ ಬೇಕು.

2021ರ ಡಿಸೆಂಬರ್‌ನಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವು ಸದಾ ಒಬ್ಬ ವಯಸ್ಕರ ಆರೈಕೆ ಬೇಕಾಗುವ, ಬುದ್ಧಿಮಾಂದ್ಯತೆ ತೀವ್ರವಾಗಿರುವ ಅಥವಾ ಭಾಷೆ ಅತಿ ಕಡಿಮೆ ಇರುವವರಿಗೆ 'ಪ್ರೊಫೌಂಡ್ ಆಟಿಸಂ' ಎಂಬ ಆಡಳಿತಾತ್ಮಕ ವಿಭಾಗವನ್ನು ಸೂಚಿಸಿತು. 2023ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಆಟಿಸಂ ಇರುವ ಎಂಟು ವರ್ಷದ ಮಕ್ಕಳಲ್ಲಿ ಶೇ. 26.7ರಷ್ಟು ಮಂದಿ ಈ ವಿಭಾಗಕ್ಕೆ ಸೇರುತ್ತಾರೆಂದು ತಿಳಿಸಿತು. ನಾಲ್ವರಲ್ಲಿ ಒಬ್ಬರು! ಪರದೆಯ ಮೇಲೆ ನಾಲ್ಕು ಪಾತ್ರಗಳಲ್ಲಿ ಒಂದಾದರೂ ಇಂಥದ್ದಿದೆಯೇ? ಸಂಶೋಧನೆಗಳಲ್ಲಿ ಭಾಗವಹಿಸುವವರಲ್ಲಿಯೂ ಇವರು ಕಡಿಮೆ, ಏಕೆಂದರೆ ಪ್ರಶ್ನಾವಳಿ ತುಂಬಲು, ಎಂಆರ್‌ಐ ಯಂತ್ರದಲ್ಲಿ ಅಲುಗಾಡದೆ ಮಲಗಲು ಇವರಿಗೆ ಆಗುವುದಿಲ್ಲ. ಎಣಿಕೆಗೇ ಸಿಗದವರಿಗಾಗಿ ಯಾರು ಹಣ ಮೀಸಲಿಡುತ್ತಾರೆ?

ಅದೇ ಹೊತ್ತಿಗೆ, ಇಲ್ಲಿ 2025ರ ಏಪ್ರಿಲ್‌ನಲ್ಲಿ ನಡೆದದ್ದನ್ನೂ ಹೇಳಬೇಕು. ಆರೋಗ್ಯ ಸಚಿವ ರಾಬರ್ಟ್ ಕೆನಡಿ ಜೂನಿಯರ್ ಪತ್ರಿಕಾಗೋಷ್ಠಿಯಲ್ಲಿ, ಈ ಮಕ್ಕಳು ಎಂದಿಗೂ ತೆರಿಗೆ ಕಟ್ಟುವುದಿಲ್ಲ, ಕೆಲಸಕ್ಕೆ ಹೋಗುವುದಿಲ್ಲ, ಬೇಸ್‌ಬಾಲ್ ಆಡುವುದಿಲ್ಲ, ಕವಿತೆ ಬರೆಯುವುದಿಲ್ಲ ಎಂಬ ಅರ್ಥದ ಮಾತುಗಳನ್ನಾಡಿದರು. ತೆರಿಗೆ ಕಟ್ಟುವ, ಕವಿತೆ ಬರೆಯುವ ಆಟಿಸಂ ಇರುವವರು ಸಿಟ್ಟಾದರು, ಮತ್ತು ಆಗಬೇಕಾದದ್ದೇ. ತಾನು ಹೇಳಿದ್ದು ತೀವ್ರ ಸ್ವರೂಪದವರ ಬಗ್ಗೆ ಎಂದು ಕೆನಡಿ ಬಳಿಕ ವಿವರಿಸಿದರು. ನನಗೆ ನೋವಾದದ್ದು ಬೇರೊಂದು ಕಡೆ. ಪ್ರತಿಭಟಿಸಿದ ಹಲವರು "ನೋಡಿ, ನಾವು ಕೆಲಸ ಮಾಡುತ್ತೇವೆ" ಎಂದು ಉತ್ತರಿಸಿದರು. ನನ್ನ ಮಗಳು ಕೆಲಸ ಮಾಡುವುದಿಲ್ಲ, ತೆರಿಗೆ ಕಟ್ಟುವುದಿಲ್ಲ. ಆ ಉತ್ತರದಲ್ಲಿ ಅವಳಿಗೆ ಜಾಗವಿರಲಿಲ್ಲ. ಅವಳ ಬದುಕನ್ನು ಸಚಿವರು ದುರಂತವೆಂದರು, ಸಚಿವರನ್ನು ಖಂಡಿಸಿದವರು ಅವಳನ್ನು ದಾಟಿ ಮುಂದೆ ಹೋದರು.

ಹಾಗಾಗಿ ನನಗೆ ವಿಭಾಗ ಬೇಕು. ಅವಳ ಬೆಲೆ ಕಟ್ಟಲು ಅಲ್ಲ, ಅವಳಿಗೆ ಬೇಕಾದ ಕೈಗಳನ್ನು ಎಣಿಸಲು.

ಉತ್ತರ 4: ತಡವಾಗಿ ತಿಳಿದವನು, ಬೆಂಗಳೂರು

ಸರ್, ಕೈಗಳನ್ನು ಎಣಿಸಲು ಎಂದು ನೀವು ಹೇಳಿದ ಮೇಲೆ ನಮ್ಮ ನಡುವಿನ ಭಿನ್ನಾಭಿಪ್ರಾಯ ಬಹಳ ಕಿರಿದಾಯಿತು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ದಾರಿಯಲ್ಲೇ ಸಾಗುತ್ತದೆ. ಹೆಚ್ಚಿನ ನೆರವು ಎಂದರೆ ನಿತ್ಯದ ಕೆಲಸಗಳಿಗೆ, ಸ್ವತಂತ್ರವಾಗಿ ತೀರ್ಮಾನ ತೆಗೆದುಕೊಳ್ಳಲು, ಶಿಕ್ಷಣ, ಉದ್ಯೋಗ, ಕುಟುಂಬ ಜೀವನಗಳಲ್ಲಿ ಭಾಗವಹಿಸಲು ಬೇಕಾಗುವ ತೀವ್ರ ಸ್ವರೂಪದ ಬೆಂಬಲ ಎಂದು ಅದು ವಿವರಿಸುತ್ತದೆ, ಮತ್ತು 38ನೆಯ ಕಲಮಿನಡಿ ಅದಕ್ಕಾಗಿ ಅರ್ಜಿ ಸಲ್ಲಿಸುವ ಅವಕಾಶವಿದೆ. ಬೇಕಾದ ಬೆಂಬಲವನ್ನು ಆಧಾರವಾಗಿಟ್ಟರೆ ವಿಭಾಗಕ್ಕೆ ನನ್ನ ತಕರಾರಿಲ್ಲ. ಒಮ್ಮೆ ಮುದ್ರೆ ಬಿದ್ದ ಮೇಲೆ ನಿಮ್ಮ ಮಗಳಿಗೆ ಹೊಸದನ್ನು ಕಲಿಸುವುದನ್ನೇ ಯಾರಾದರೂ ನಿಲ್ಲಿಸಿದರೆ ಎಂಬ ಆತಂಕ ಮಾತ್ರ ಉಳಿದಿದೆ.

ಉತ್ತರ 5: ಸಾಕ್ಷ್ಯಚಿತ್ರ ಸಂಕಲನಕಾರ, ಧಾರವಾಡ

ವಿದ್ಯಾರ್ಥಿಗಳಿಗೆ ಉಪಯೋಗವಾಗಲೆಂದು ಎರಡು ಉದಾಹರಣೆಗಳನ್ನು ಕೊಡುತ್ತೇನೆ. 2021ರ 'ಮ್ಯೂಸಿಕ್' ಚಿತ್ರದಲ್ಲಿ, ಹೆಚ್ಚು ಮಾತಿಲ್ಲದ ಆಟಿಸಂ ಇರುವ ಹುಡುಗಿಯ ಪಾತ್ರವನ್ನು ಆಟಿಸಂ ಇಲ್ಲದ ನರ್ತಕಿಯೊಬ್ಬರು ಮಾಡಿದರು. ಮಾತಿಲ್ಲದ ಹುಡುಗಿಯೊಬ್ಬಳೊಂದಿಗೆ ಕೆಲಸ ಮಾಡಲು ಯತ್ನಿಸಿದೆವು, ಅವಳಿಗೆ ಒತ್ತಡವಾಯಿತು ಎಂದು ನಿರ್ದೇಶಕಿ ಸಿಯಾ ಹೇಳಿದ್ದರು. ಹುಡುಗಿಯನ್ನು ನೆಲಕ್ಕೆ ಒತ್ತಿ ಹಿಡಿಯುವ ದೃಶ್ಯಗಳು ಅದರಲ್ಲಿದ್ದವು. ಹಾಗೆ ಹಿಡಿದರೆ ಉಸಿರುಗಟ್ಟಿ ಸಾಯುವ ಅಪಾಯವಿದೆ. ವ್ಯಾಪಕ ವಿರೋಧದ ಬಳಿಕ ಅವರು ಕ್ಷಮೆ ಕೇಳಿದರು. ಅದಕ್ಕೂ ಮೊದಲು, 2020ರಲ್ಲಿ, ಪಿಕ್ಸಾರ್ 'ಲೂಪ್' ಎಂಬ ಕಿರು ಅನಿಮೇಷನ್ ಚಿತ್ರವನ್ನು ಹೊರತಂದಿತ್ತು. ಅದರಲ್ಲಿನ ಮಾತಿಲ್ಲದ ಹುಡುಗಿ ರೆನೆಯ ಧ್ವನಿ, ಆಟಿಸಂ ಇರುವ, ಮಾತನಾಡದ ಯುವತಿಯದೇ. ಸ್ಟುಡಿಯೋಗೆ ಕರೆಸಿದರೆ ಅವರಿಗೆ ಕಷ್ಟವೆಂದು ತಂಡವೇ ಧ್ವನಿಗ್ರಹಣದ ಸಲಕರಣೆಗಳೊಂದಿಗೆ ಅವರ ಮನೆಗೆ ಹೋಯಿತು. ವ್ಯಕ್ತಿಗೆ ಒಗ್ಗದಿದ್ದಾಗ ವ್ಯಕ್ತಿಯನ್ನು ಬದಲಿಸುವುದು ಒಂದು ಕ್ರಮ, ಕೆಲಸದ ರೀತಿಯನ್ನು ಬದಲಿಸುವುದು ಇನ್ನೊಂದು.

2024ರ ಜುಲೈ 8ರಂದು ನಿಪುಣ್ ಮಲ್ಹೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೃಶ್ಯ ಮಾಧ್ಯಮಗಳಲ್ಲಿ ಅಂಗವಿಕಲರ ಚಿತ್ರಣಕ್ಕೆ ಮಾರ್ಗಸೂತ್ರಗಳನ್ನು ನೀಡಿದೆ. ಅವರ ವೈವಿಧ್ಯಮಯ ವಾಸ್ತವವನ್ನು ತೋರಿಸಬೇಕು, ಅವರನ್ನು ಒಳಗೊಂಡೇ ಚಿತ್ರಣ ರೂಪುಗೊಳ್ಳಬೇಕು ಎಂಬುದು ಅದರ ಸಾರ. ಕಾಲೇಜಿನ ಯೋಜನೆಗೂ ಇದನ್ನು ಓದಿಸಬಹುದು.

ಕೊನೆಯದಾಗಿ ಒಪ್ಪಿಗೆಯ ವಿಷಯ. ಜಿಲ್ಲಾಧಿಕಾರಿಗಳ ಸ್ಥಳೀಯ ಮಟ್ಟದ ಸಮಿತಿಯಿಂದ ಅಮ್ಮನಿಗೆ ಪಾಲಕತ್ವ ಸಿಕ್ಕಿದ್ದರೆ ಅವರ ಸಹಿ ಕಾನೂನಿಗೆ ಸಾಕಾಗಬಹುದು. ತಮ್ಮನ ಒಪ್ಪಿಗೆ ಅದರಿಂದ ಬರುವುದಿಲ್ಲ. ಮೊದಲು ಕ್ಯಾಮೆರಾ ಇಲ್ಲದೆ ಕೆಲವು ಸಲ ಬಂದು ಹೋಗಲಿ. ಆಮೇಲೆ ಆಫ್ ಮಾಡಿದ ಕ್ಯಾಮೆರಾ ಇಟ್ಟು ನೋಡಲಿ. ಅವನು ಎದ್ದು ಹೋದರೆ ಅಂದಿನ ಕೆಲಸ ಮುಗಿಯಿತು. ಕತ್ತರಿಸುವ ಹಕ್ಕನ್ನು, ಅಂದರೆ ಅಂತಿಮ ಪ್ರತಿಯನ್ನು ನೋಡಿ ಬೇಡವೆಂದದ್ದನ್ನು ತೆಗೆಸುವ ಹಕ್ಕನ್ನು, ಬರಹದಲ್ಲಿ ನೀವು ಪಡೆದುಕೊಳ್ಳಿ.

ಸಾಗರದ ಅಕ್ಕ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಅವರ ವಿರೋಧ ಚಿತ್ರೀಕರಣಕ್ಕಲ್ಲ, "ಪಾಪ" ಎನ್ನಿಸಿಕೊಳ್ಳುವುದಕ್ಕೆ ಎಂಬುದು ಗೊತ್ತಾಯಿತು. ತನ್ನ ಕೆಲಸವನ್ನು ತೋರಿಸಲು ಅವರು ಒಪ್ಪಿದ್ದಾರೆ: ಬೆಳಗಿನ ಮಾತ್ರೆ, ಅನ್ನ ಕಲಸಿ ಕೊಡುವುದು, ಮಧ್ಯಾಹ್ನ ರಸ್ತೆಯಂಚಿನವರೆಗೆ ಅವನೊಂದಿಗೆ ನಡೆಯುವುದು. ಸ್ನಾನದ ಮನೆ ಮತ್ತು ಮಲಗುವ ಕೋಣೆಗೆ ಕ್ಯಾಮೆರಾ ಬರುವುದಿಲ್ಲ. ತಮ್ಮನಿಗೆ ಬೇಡವಾದಾಗ ಅವನು ಮಾಡುವ ಸನ್ನೆಗಳನ್ನೆಲ್ಲ ಬರೆದು ವಿದ್ಯಾರ್ಥಿಗಳಿಗೆ ಕೊಡುತ್ತೇನೆ.

ಶಿಕ್ಷಕಿಯವರಲ್ಲಿ ಒಂದು ಪ್ರಶ್ನೆ: ನಮ್ಮ ನಂತರ ಅವನು ಎಲ್ಲಿರಬೇಕು ಎಂಬುದನ್ನೂ ಚಿತ್ರದಲ್ಲಿ ಕೇಳಬೇಕೆಂದು ಅಮ್ಮ ಹೇಳುತ್ತಿದ್ದಾರೆ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ಘರೌಂದಾ ಯೋಜನೆಯ ವಸತಿಗಳ ಬಗ್ಗೆ ತಮಗೆ ತಿಳಿದಿದ್ದರೆ, ಮಾತಿಲ್ಲದ, ಫಿಟ್ಸ್ ಇರುವ ವಯಸ್ಕರನ್ನು ಅಲ್ಲಿ ಹೇಗೆ ನೋಡಿಕೊಳ್ಳುತ್ತಾರೆಂದು ಬರೆಯುವಿರಾ?

ವಿಶೇಷ ಶಿಕ್ಷಕಿ, ಮೈಸೂರು

ಖಂಡಿತ ಬರೆಯುತ್ತೇನೆ. ಅದು ವಯಸ್ಕರಿಗೆ ಜೀವನಪರ್ಯಂತ ವಸತಿ ಮತ್ತು ಆರೈಕೆ ಕೊಡುವ ಉದ್ದೇಶದ ಯೋಜನೆ. ಸೇರಿಸುವ ಮೊದಲು ನೋಡಬೇಕಾದದ್ದು ರಾತ್ರಿ ಪಾಳಿಯಲ್ಲಿ ಎಷ್ಟು ಜನರಿರುತ್ತಾರೆ, ಫಿಟ್ಸ್ ಬಂದರೆ ಏನು ಮಾಡಬೇಕೆಂದು ಅವರಿಗೆ ತರಬೇತಿ ಇದೆಯೇ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂಬುದನ್ನು. ಅಮ್ಮ ಹೇಳಿದ ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ಅವರ ಬಾಯಿಂದಲೇ ಕೇಳಿಸಲಿ, ಉತ್ತರವನ್ನು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳಿಂದ ಕ್ಯಾಮೆರಾ ಎದುರು ಪಡೆಯಲಿ. ಮುಂದಿನ ವಾರ ಅಮ್ಮನೊಂದಿಗೆ ಫೋನಿನಲ್ಲಿ ಮಾತನಾಡಲು ನಾನು ಸಿದ್ಧಳಿದ್ದೇನೆ.