ಬಿಲ್ ಕಾಗದ ಮುಟ್ಟೋದೇ ನನ್ನ ಕೆಲಸ, ಈಗ ಐದು ತಿಂಗಳು. ಹೆದರಬೇಕಾ?

ಬಿಲ್ ಕೌಂಟರ್, ದಾವಣಗೆರೆ

ಮಂಡಿಪೇಟೆ ಹತ್ರ ಒಂದು ಬಟ್ಟೆ ಅಂಗಡಿಲಿ ಬಿಲ್ಲಿಂಗ್‌ಗೆ ಕೂರ್ತೀನಿ, ನಾಲ್ಕು ವರ್ಷ ಆಯ್ತು. ಮದುವೆ ಸೀಸನ್‌ನಲ್ಲಿ ದಿನಕ್ಕೆ ಇನ್ನೂರೈವತ್ತು ಮುನ್ನೂರು ಗಿರಾಕಿ. ಒಬ್ಬೊಬ್ಬರಿಗೆ ಮೂರು ಕಾಪಿ ಹರೀಬೇಕು: ಒಂದು ಅವರಿಗೆ, ಒಂದು ಗೇಟಿನ ಹುಡುಗನಿಗೆ, ಒಂದು ನಮ್ಮ ಮೊಳೆಗೆ ಚುಚ್ಚೋಕೆ. ಈಗ ನಂಗೆ ಐದು ತಿಂಗಳು. ಬಿ.ಫಾರ್ಮಾ ಓದೋ ನಮ್ಮ ನಾದಿನಿ ಮೊನ್ನೆ ಬಂದವಳು, "ಅತ್ತಿಗೆ, ಆ ಕಾಗದದಲ್ಲಿ ಹಾರ್ಮೋನ್ ಥರ ಆಡೋ ಕೆಮಿಕಲ್ ಇರುತ್ತೆ, ಮಗುಗೆ ಒಳ್ಳೇದಲ್ಲ, ಕೆಲಸ ಬಿಡು" ಅಂದ್ಲು. ಬಿಡು ಅನ್ನೋದೇನೋ ಸುಲಭ, ಮನೆ ಬಾಡಿಗೆ ಹೋಗೋದೇ ನನ್ನ ಸಂಬಳದಲ್ಲಿ.

ಇನ್ನೊಂದು, ನಾಲ್ಕು ಗಂಟೆಗೆ ಅಂಗಡಿಗೆ ಮಂಡಕ್ಕಿ ಮೆಣಸಿನಕಾಯಿ ಬರುತ್ತೆ. ಏಳೋ ಹಂಗಿಲ್ಲ. ಸ್ಯಾನಿಟೈಸರ್ ಹಚ್ಕೊಂಡು ತಿಂತಾ ತಿಂತಾನೇ ಬಿಲ್ ಹರೀತೀನಿ. ತಿಳಿದವರು ನಿಜ ಹೇಳಿ. ಹೆದರಿಸಬೇಡಿ, ಸುಮ್ನೆ ಸಮಾಧಾನಾನೂ ಬೇಡ.

ದುರ್ಗದ ಮೇಷ್ಟ್ರು

ತಂಗಿ, ನಾನು ಕೆಮಿಸ್ಟ್ರಿ ಹೇಳ್ಕೊಡೋನು, ಡಾಕ್ಟರಲ್ಲ. ನಿಮ್ಮ ನಾದಿನಿ ಹೇಳಿದ್ದು ಬಿಸ್ಫಿನಾಲ್ ಎ, ಬಿಪಿಎ ಅಂತಾರೆ. ನಿಮ್ಮ ಪ್ರಿಂಟರಿಗೆ ನೀವು ಯಾವತ್ತೂ ಇಂಕು ಹಾಕಿರಲ್ಲ, ನೋಡಿ. ಕಾಗದದ ಮೇಲೇ ಬಣ್ಣವಿಲ್ಲದ ಒಂದು ಡೈ, ಜೊತೆಗೆ ಬಿಪಿಎ ಬಳಿದಿರ್ತಾರೆ. ಪ್ರಿಂಟರ್ ಬಿಸಿ ತಾಗಿಸಿದಾಗ ಎರಡೂ ಕರಗಿ, ಕೂಡಿ, ಕಪ್ಪಾಗುತ್ತೆ. ಉಗುರಲ್ಲಿ ಜೋರಾಗಿ ಗೀರಿದ್ರೂ ಕಪ್ಪು ಗೆರೆ ಮೂಡುತ್ತೆ. ಪಾಲಿಕಾರ್ಬೊನೇಟ್ ನೀರಿನ ಕ್ಯಾನಿನಲ್ಲಿ ಇದೇ ಬಿಪಿಎ ಸರಪಳಿಯಾಗಿ ಬೆಸೆದುಕೊಂಡಿರುತ್ತೆ. ಬಿಲ್ಲಿನಲ್ಲಿ ಹಂಗಲ್ಲ, ಬಿಡಿ ಪುಡಿ. ಅದಕ್ಕೇ ಬೆರಳಿಗೆ ಹತ್ತೋದು.

ಇದು ಈಸ್ಟ್ರೋಜೆನ್ ಅನ್ನೋ ಹೆಣ್ಣು ಹಾರ್ಮೋನ್ ಥರ ಆಡುತ್ತೆ ಅನ್ನೋದು 1930ರ ದಶಕದಲ್ಲೇ ಗೊತ್ತಿತ್ತು. ಎಷ್ಟು ಸ್ವಲ್ಪ ಆದ್ರೂ ಲೆಕ್ಕಕ್ಕೆ ಬರುತ್ತೆ ಅನ್ನೋದು ಈಚಿನ ತಿಳಿವಳಿಕೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ದಿನಕ್ಕೆ ಇಷ್ಟು ಮೈಗೆ ಹೋದ್ರೆ ಪರವಾಗಿಲ್ಲ ಅಂತ 2015ರಲ್ಲಿ ತಾನೇ ಹಾಕಿದ್ದ ಮಿತಿಯನ್ನು 2023ರಲ್ಲಿ ಸುಮಾರು 20,000 ಪಟ್ಟು ಇಳಿಸಿತು. ಬಿಲ್ ಕಾಗದದಲ್ಲಂತೂ ಅಲ್ಲಿ 2020ರಿಂದಲೇ ಬಿಪಿಎ ಬಂದ್.

ಈಗ ನಿಮ್ಮ ಕೈ ವಿಷಯ. ಅಮೆರಿಕದಲ್ಲಿ 24 ಜನರ ಕೈಗೆ ಎರಡು ಗಂಟೆ ಬಿಲ್ ಕೊಟ್ಟು, ಆಮೇಲೆ ಮೂತ್ರ ಪರೀಕ್ಷೆ ಮಾಡಿದ ಅಧ್ಯಯನ 2014ರಲ್ಲಿ ಬಂತು. ಬರಿಗೈಲಿ ಹಿಡಿದಾಗ ಬಿಪಿಎ ಏರಿತ್ತು. ಅವರಲ್ಲೇ 12 ಜನ ಗ್ಲೌಸ್ ಹಾಕ್ಕೊಂಡು ಹಿಡಿದಾಗ ಹೇಳಿಕೊಳ್ಳೋ ಹಂಗೆ ಏರಲಿಲ್ಲ. ನಿಮ್ಮ ಸ್ಯಾನಿಟೈಸರ್ ಇದೆಯಲ್ಲ, ಅದೇ ಕಳ್ಳ. ಬಿಪಿಎ ಚರ್ಮದೊಳಗೆ ಇಳಿಯೋಕೆ ಅದು ದಾರಿ ಮಾಡಿಕೊಡುತ್ತೆ. ಆ ಒದ್ದೆ ಕೈಲಿ ಬಿಲ್ ಹಿಡಿದು, ಅದೇ ಬೆರಳಲ್ಲಿ ಮೆಣಸಿನಕಾಯಿ ತಿಂದ್ರೆ ಚರ್ಮಕ್ಕೂ ಹೋಯ್ತು, ಬಾಯಿಗೂ ಹೋಯ್ತು. ಸೋಪು ನೀರಲ್ಲಿ ತೊಳೀರಿ.

ಬಿಪಿಎ ಮೈಯಲ್ಲಿ ಮನೆ ಮಾಡಲ್ಲ, ಬಹುಪಾಲು ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೋಗುತ್ತೆ. ಮಾಸು ದಾಟಿ ಮಗುವಿಗೆ ತಲುಪುತ್ತೆ ಅನ್ನೋದೂ ನಿಜ. ಹಂಗಂತ ಬಿಲ್ ಹರಿದಿದ್ದಕ್ಕೇ ಮಗುವಿಗೆ ಇಂಥದ್ದಾಯ್ತು ಅಂತ ಯಾರೂ ಬೆರಳಿಟ್ಟು ತೋರಿಸಿಲ್ಲ. ನನ್ನ ಕೇಳಿದ್ರೆ, ಕೆಲಸ ಬಿಡೋದು ಬೇಡ, ಬರಿಗೈ ಬಿಡಿ.

ಚಳ್ಳಕೆರೆ ಶೇಂಗಾ

ನಮ್ಮ ಕಡೆ ಬೋರ್ ನೀರಿನ ಫ್ಲೋರೈಡ್‌ಗೆ ಹಲ್ಲು ಕಂದುಗಟ್ಟಿ, ಮಂಡಿ ಬಗ್ಗದೆ ಕೂತೋರಿದ್ದಾರೆ. ಮೊದಲು ಅದು ನೋಡ್ರಪ್ಪ. ಬಿಲ್ ಕಾಗದವಂತೆ!

ದುರ್ಗದ ಮೇಷ್ಟ್ರು

ಶೇಂಗಾ ಅಣ್ಣ, ಫ್ಲೋರೈಡ್ ಮಾಡಿದ್ದು ಹಲ್ಲಲ್ಲಿ ಕಾಣುತ್ತೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಗೆರೆ ಇದೆ, ಕಾಯಿನ್ ಹಾಕಿ ನೀರು ಹಿಡಿಯೋ ಘಟಕನೂ ಬಂತು. ಇದಕ್ಕೆ ಹಲ್ಲು ಕಂದಾಗಲ್ಲವಲ್ಲ, ಅದಕ್ಕೇ ಯಾರೂ ಕೇಳಲ್ಲ.

ಟಿಕೆಟ್ ಟಿಕೆಟ್

ನಾನು ಬಸ್ ಕಂಡಕ್ಟರ್. ಮಿಷನ್ ಟಿಕೆಟ್ಟೂ ಇದೇ ಕಾಗದ. ಕೈ ಖಾಲಿ ಇಲ್ಲದಾಗ ಟಿಕೆಟ್ ತುಟಿಲಿ ಕಚ್ಕೊಂಡು ಚಿಲ್ಲರೆ ಎಣಿಸ್ತೀನಿ. ಇದನ್ನ ಓದ್ತಾ ತುಟಿ ಒರೆಸ್ಕೊಂಡೆ. ಸಾರ್, 'ಬಿಪಿಎ ಫ್ರೀ' ರೋಲ್ ಬರುತ್ತಲ್ಲ, ಅದಾದ್ರೆ ಪರವಾಗಿಲ್ವಾ?

ದುರ್ಗದ ಮೇಷ್ಟ್ರು

ಎಷ್ಟೋ ರೋಲಿನಲ್ಲಿ 'ಎ' ತೆಗೆದು 'ಎಸ್' ಹಾಕಿರ್ತಾರೆ. ಬಿಸ್ಫಿನಾಲ್ ಎಸ್ ಇದರ ದಾಯಾದಿನೇ. 2023ರಲ್ಲಿ ಯುರೋಪ್ ಅದನ್ನೂ ಅತಿ ಕಳವಳದ ಪಟ್ಟಿಗೆ ಸೇರಿಸ್ತು. 'ಫಿನಾಲ್ ಫ್ರೀ', ಅಂದ್ರೆ ಎ, ಎಸ್ ಎರಡೂ ಇಲ್ಲದ್ದು, ಅಂತಿದ್ರೆ ತರಿಸ್ಕೊಳ್ಳಿ. ಯಾವುದರಲ್ಲಿ ಏನಿದೆ ಅಂತ ಗೀರಿ ನೋಡಿ ಹೇಳೋಕಾಗಲ್ಲ. ತುಟಿಗೆ ಮಾತ್ರ ಬೇಡ ಮಾರಾಯ.

ಬಿಲ್ ಕೌಂಟರ್, ದಾವಣಗೆರೆ

ಸರ್, ಮೆಡಿಕಲ್ ಶಾಪ್‌ನಿಂದ ನೈಟ್ರೈಲ್ ಗ್ಲೌಸ್ ತಂದೆ. ಸಾಹುಕಾರ್ರು "ಏನಮ್ಮ, ಆಪರೇಷನ್ ಮಾಡ್ತೀಯಾ?" ಅಂತ ನಕ್ಕರು. ಆದ್ರೆ ಮೊಳೆಗೆ ಚುಚ್ಚೋ ಕಾಪಿ ನಿಲ್ಲಿಸೋಣ, ಕಂಪ್ಯೂಟರಲ್ಲಿ ಇರುತ್ತಲ್ಲ ಅಂದಿದ್ದಕ್ಕೆ ತಕ್ಷಣ ಹೂಂ ಅಂದ್ರು. ಅವರಿಗೆ ರೋಲ್ ಉಳೀತು, ನಂಗೆ ಮೂರಲ್ಲಿ ಒಂದು ಹರಿಯೋದು ತಪ್ಪಿತು. ನಾಲ್ಕು ಗಂಟೆಗೆ ಕೈ ತೊಳೆಯೋಕೆ ಎದ್ದೆ, ಅಷ್ಟೊತ್ತು ಗೇಟಿನ ಹುಡುಗ ಕೌಂಟರಲ್ಲಿ ಕೂತ. ವಾಪಸ್ ಬಂದು ನೋಡಿದ್ರೆ ನನ್ನ ಸ್ಯಾನಿಟೈಸರ್ ಎರಡು ಕೈಗೂ ಬಳ್ಕೊಂತಿದ್ದ.