ಕಡಲ ದಂಡೆಯ ಮನೆಗೆ ಸೊಳ್ಳೆ ಜಾಲರಿ ಬಾಗಿಲು: ಪ್ರಶ್ನೋತ್ತರ

ಅಡ್ಮಿನ್: ಅಲ್ಯೂಮಿನಿಯಂ, ಸ್ಟೀಲ್ ಬಾಗಿಲು ಮಾಡುವ ಫ್ಯಾಬ್ರಿಕೇಟರ್ ಇವತ್ತು ಗುಂಪಿನಲ್ಲಿದ್ದಾರೆ. ಕಡಲಿಗೆ ಎಷ್ಟು ದೂರ, ಬಾಗಿಲು ಯಾವ ದಿಕ್ಕಿಗೆ ಎಂದು ಬರೆದು ಕೇಳಿ.

ಸುರತ್ಕಲ್: ಸರ್, 300 ಮೀಟರ್, ಬಾಗಿಲು ಪಡುವಣಕ್ಕೆ. ಜಾಲರಿಗೆ ಸ್ಟೇನ್‌ಲೆಸ್ ಸ್ಟೀಲಿನ 304 ದರ್ಜೆ ಸಾಕಾ, 316 ಬೇಕಾ?

ಫ್ಯಾಬ್ರಿಕೇಟರ್: 316. ಅದರಲ್ಲಿ ಶೇ. 2ರಿಂದ 3 ಮಾಲಿಬ್ಡಿನಮ್ ಎಂಬ ಲೋಹ ಇರುತ್ತದೆ. ಉಪ್ಪು ಸ್ಟೀಲಿನ ಮೈಯಲ್ಲಿ ಸೂಜಿ ಚುಚ್ಚಿದ ಹಾಗೆ ತೂತು ಮಾಡುವುದನ್ನು ತಡೆಯುವುದು ಅದು. 304 ಅಷ್ಟು ಹತ್ತಿರದಲ್ಲಿ ಬೇಗ ಚಹಾ ಕಲೆಯಂತೆ ಕಂದಾಗುತ್ತದೆ. 202 ಬೇಡವೇ ಬೇಡ. ಖರ್ಚು ಹೆಚ್ಚಾಯಿತು ಅನಿಸಿದರೆ ಪಿವಿಸಿ ಲೇಪನದ ಫೈಬರ್‌ಗ್ಲಾಸ್ ಜಾಲರಿ ಹಾಕಿ, ಇಂಚಿಗೆ 18×16 ಕಣ್ಣಿನದು. ತುಕ್ಕಿನ ಮಾತೇ ಇಲ್ಲ. ಬಿಸಿಲಿಗೆ ಪೆಡಸಾಗುತ್ತದೆ, ಬೆಕ್ಕು ಪರಚಿದರೆ ಹರಿಯುತ್ತದೆ. ಆದರೆ ಬದಲಿಸುವುದು ಸುಲಭ, ರಬ್ಬರ್ ಬೀಡಿಂಗ್ ಎಳೆದು ಹೊಸ ಜಾಲರಿ ಕೂಡಿಸಿದರೆ ಆಯಿತು.

ಹೊನ್ನಾವರ: ಪ್ಲೀಟೆಡ್ (ಜಾಲರಿ ಮಡಿಕೆ ಮಡಿಕೆಯಾಗಿ ಸರಿಯುವ) ಬಾಗಿಲಿನ ದಾರ ಕಡಿದಿದೆ. ದಾರ ಮಾತ್ರ ಹಾಕಿಸಬಹುದಾ, ಇಡೀ ಸೆಟ್ ಬದಲಿಸಬೇಕಾ?

ಮಲ್ಪೆ: ನಮ್ಮ ಬಿಲ್ಲಿನಲ್ಲಿ 316 ಎಂದೇ ಇದೆ. ಹಾಕಿ 4 ತಿಂಗಳು. ಕೆಳಗಿನ ಎರಡು ಅಡಿಯಲ್ಲಿ ಕಂದು ಚುಕ್ಕೆ, ಮೇಲೆ ಹೊಸದರಂತಿದೆ. ಅಲ್ಯೂಮಿನಿಯಂ ಫ್ರೇಮಿನ ಕೆಳಮೂಲೆಯಲ್ಲಿ ಸ್ಕ್ರೂ ಸುತ್ತ ಬಿಳಿ ಪುಡಿ. ಮೋಸ ಹೋದೆವಾ?

ಫ್ಯಾಬ್ರಿಕೇಟರ್: ಮೇಡಂ, ಈಗಲೇ ಹಾಗೆ ಹೇಳಬೇಡಿ. ಒಂದೇ ತುಂಡು ಜಾಲರಿ ಮೇಲೆ ಚೆನ್ನಾಗಿದ್ದು ಕೆಳಗೆ ಕೆಟ್ಟಿದೆ ಎಂದರೆ, ಕೆಳಗೆ ಏನೋ ತಾಗಿದೆ. ಬಾಗಿಲು ಕೂಡಿಸಿದ ಮೇಲೆ ಜಗಲಿ ಟೈಲ್ಸಿಗೆ ಆಸಿಡ್ ಹಾಕಿದ್ದರಾ? ಪಕ್ಕದಲ್ಲಿ ಕಬ್ಬಿಣ ಗ್ರೈಂಡ್ ಮಾಡಿದ್ದರಾ?

ಮಲ್ಪೆ: ಗ್ರೈಂಡಿಂಗ್ ಇಲ್ಲ. ಸಿಮೆಂಟ್ ಕಲೆ ತೆಗೆಯಲು ಆಸಿಡ್ ಹಾಕಿ ತೊಳೆದರು. ಬಾಗಿಲು ಹಾಕಿದ ವಾರದಲ್ಲೇ.

ಫ್ಯಾಬ್ರಿಕೇಟರ್: ಬಹುಮಟ್ಟಿಗೆ ಅದೇ ಕಾರಣ. ಆ ಆಸಿಡ್ ಹೈಡ್ರೋಕ್ಲೋರಿಕ್. ಹನಿ ಸಿಡಿಯುವುದೇ ಬೇಡ, ಹೊಗೆ ತಾಗಿದರೂ 316 ತಡೆಯದು. ಸಿಮೆಂಟಿನ ಜೊತೆ ಸೇರಿ ಅದು ಉಳಿಸುವ ಉಪ್ಪು ಟೈಲ್ಸ್ ಸಂದಿಯಲ್ಲಿ ಕೂತು ಗಾಳಿಯ ತೇವ ಹೀರುತ್ತಿರುತ್ತದೆ. ಮೊದಲು ಜಗಲಿಯನ್ನೇ ಸಿಹಿನೀರಿನಲ್ಲಿ ಮೂರ್ನಾಲ್ಕು ಸಲ ತೊಳೆಯಿರಿ. ಬಾಯಿಗೆ ಉಪ್ಪು ಹತ್ತುವ ಬಾವಿ ನೀರು ಬೇಡ.

ಆಮೇಲೆ ಜಾಲರಿ. ಫ್ರೇಮಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ. ಸ್ಪಂಜಿನಲ್ಲಿ ಹಚ್ಚಿ 20 ನಿಮಿಷ ಒದ್ದೆಯಾಗಿಯೇ ಇಡಿ, ನೈಲಾನ್ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ, ಧಾರಾಳ ನೀರು ಹೊಯ್ದು ಒರೆಸಿ. ಕಬ್ಬಿಣದ ಸ್ಕ್ರಬ್ಬರ್ ಮುಟ್ಟಿಸಬೇಡಿ. ಅದರ ಚೂರು ಜಾಲರಿಯಲ್ಲಿ ಸಿಕ್ಕಿ ತಾನೇ ತುಕ್ಕಾಗುತ್ತದೆ.

ನನಗೆ ಹೆಚ್ಚು ಚಿಂತೆ ಆ ಬಿಳಿ ಪುಡಿಯದು. ಸ್ಟೀಲ್ ಮತ್ತು ಅಲ್ಯೂಮಿನಿಯಂ ನೇರ ತಾಗಿ, ನಡುವೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಕರಗುತ್ತದೆ, ಸ್ಟೀಲಿಗೆ ಏನೂ ಆಗದು. ಜಾಲರಿ ದೊಡ್ಡದು, ತಾಗುವ ಜಾಗ ಚಿಕ್ಕದು. ಹಾಗಾಗಿ ಆ ಚಿಕ್ಕ ಜಾಗ ಬೇಗ ತಿನ್ನಿಸಿಕೊಳ್ಳುತ್ತದೆ. ಜಾಲರಿ ಅಂಚಿಗೆ ಸುತ್ತಲೂ ಇಪಿಡಿಎಂ ರಬ್ಬರ್ ಗ್ಯಾಸ್ಕೆಟ್, ಪ್ರತಿ ಸ್ಕ್ರೂಗೆ ನೈಲಾನ್ ವಾಷರ್ ಇರಲೇಬೇಕು. ಕತ್ತರಿಸಿ, ತೂತು ಕೊರೆದು, ಆಮೇಲೆ ಪೌಡರ್ ಕೋಟಿಂಗ್. ಕೋಟಿಂಗ್ ಆದ ಮೇಲೆ ಕೊರೆದರೆ ತೂತಿನ ಒಳಗೆ ಬರಿ ಲೋಹ. ನಿಮ್ಮಲ್ಲಿ ಯಾವುದು ತಪ್ಪಿದೆ ನೋಡಬೇಕು. ಒಂದು ಸ್ಕ್ರೂ ಬಿಚ್ಚಿ ತೂತಿನ ಫೋಟೊ ಹಾಕಿ.

ಕುಂದಾಪುರ: ಇಷ್ಟೆಲ್ಲ ಯಾಕೆ? ಫಾರ್ವರ್ಡ್ ಬಂದಿದೆ: ನಿಂಬೆಹಣ್ಣಿಗೆ ಕಲ್ಲುಪ್ಪು ಅದ್ದಿ ತಿಕ್ಕಿ, ಮೇಲೆ ಸೀಮೆಎಣ್ಣೆ ಒರೆಸಿದರೆ ತುಕ್ಕು ಮಾಯ.

ಫ್ಯಾಬ್ರಿಕೇಟರ್: ಮಾಡಬೇಡಿ. ಉಪ್ಪಿನಿಂದಲೇ ಹಾಳಾದದ್ದಕ್ಕೆ ಮತ್ತೆ ಉಪ್ಪು ತಿಕ್ಕುವುದಾ? ಸೀಮೆಎಣ್ಣೆಗೆ ಗ್ಯಾಸ್ಕೆಟ್ ಉಬ್ಬುತ್ತದೆ, ಧೂಳು ಅಂಟುತ್ತದೆ. ಟಾಯ್ಲೆಟ್ ಕ್ಲೀನರ್, ಬ್ಲೀಚಿಂಗ್ ಪೌಡರ್ ಕೂಡ ಬೇಡ.

ಕುಂದಾಪುರ: ನಿಂಬೆ ಬೇಡ ಅಂತೀರಿ, ಸಿಟ್ರಿಕ್ ಆಸಿಡ್ ಹಾಕಿ ಅಂತೀರಿ. ಎರಡೂ ಒಂದೇ ಹುಳಿಯಲ್ಲವಾ?

ಫ್ಯಾಬ್ರಿಕೇಟರ್: ನಿಂಬೆ ಬೇಡ ಎಂದಿಲ್ಲ. ಉಪ್ಪು ಬೇಡ ಎಂದೆ.

ಕುಮಟಾ: ಸುಲಭ ಪರೀಕ್ಷೆ ಇದೆ. ಅಯಸ್ಕಾಂತ ಹಿಡಿಯಿರಿ, ಅಂಟದಿದ್ದರೆ 316.

ಕಾರವಾರ: ತಪ್ಪು. 304ಕ್ಕೂ ಅಂಟುವುದಿಲ್ಲ, 202ಕ್ಕೂ ಅಂಟುವುದಿಲ್ಲ.

ಕುಮಟಾ: ಅಂಗಡಿಯಲ್ಲಿ ಹಾಗೇ ತೋರಿಸುತ್ತಾರೆ ಮಾರಾಯ್ರೆ.

ಕಾರವಾರ: ಮಾರುವವರು ತೋರಿಸಿಯೇ ತೋರಿಸುತ್ತಾರೆ. ತಂತಿ ಎಳೆಯುವಾಗ ಒಳ್ಳೆಯ ಸ್ಟೀಲಿಗೂ ಸ್ವಲ್ಪ ಸೆಳೆತ ಬರುತ್ತದೆ. ಆಗ ಅಸಲಿ ಮಾಲು ವಾಪಸ್ ಕಳಿಸುತ್ತೀರಾ?

ಕುಮಟಾ: ನೀವು ಎಷ್ಟು ಬಾಗಿಲು ಮಾಡಿದ್ದೀರಿ?

ಫ್ಯಾಬ್ರಿಕೇಟರ್: ಕಾರವಾರದವರು ಹೇಳಿದ್ದು ಸರಿ. ಉಳಿದ ತುಂಡಿಗೆ ಮಾಲಿಬ್ಡಿನಮ್ ಇದೆಯಾ ಎಂದು ತೋರಿಸುವ ಹನಿ ಪರೀಕ್ಷೆ ಮಾಡಿ, ಇಲ್ಲವೇ ಲ್ಯಾಬಿನಲ್ಲಿ ಎಕ್ಸ್‌ಆರ್‌ಎಫ್ ಗನ್ (ಲೋಹದಲ್ಲಿ ಏನೇನಿದೆ ಎಂದು ಎಕ್ಸ್‌ರೇಯಿಂದ ತೋರಿಸುವ ಯಂತ್ರ) ಹಿಡಿಸಿ. ಜಗಳ ಇಲ್ಲಿಗೆ ಬಿಡಿ.

ಪಡುಬಿದ್ರಿ: 304 ಸಾಕಾ ಸರ್?

ಫ್ಯಾಬ್ರಿಕೇಟರ್: ಮೇಲೆ ಬರೆದಿದ್ದೇನೆ.

ಉಳ್ಳಾಲ: ನಮ್ಮದು ಸೂರಿನ ಒಳಗೆ, ಮಳೆಯೇ ತಾಗುವುದಿಲ್ಲ. ಅಲ್ಲಿಗಾದರೂ 304 ನಡೆಯುತ್ತದಲ್ಲ?

ಫ್ಯಾಬ್ರಿಕೇಟರ್: ಮಳೆ ತಾಗದ ಬಾಗಿಲೇ ಮೊದಲು ಹಾಳಾಗುವುದು. ಹೊರಗಿನದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ತೊಳೆಯುತ್ತದೆ, ಸೂರಿನ ಒಳಗಿನದರ ಮೇಲೆ ಉಪ್ಪು ವರ್ಷವಿಡೀ ಕೂರುತ್ತದೆ. ಅಲ್ಲಿಗೂ 316. ಅಕ್ಟೋಬರ್‌ನಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆಯಿರಿ. ಬಿಜಾಗರಿಯ ಹಿಂಬದಿ, ಕೆಳಪಟ್ಟಿಯ ನೀರಿನ ತೂತು ಮರೆಯಬೇಡಿ.

ಭಟ್ಕಳ: ಮರದ ಚೌಕಟ್ಟು?

ಫ್ಯಾಬ್ರಿಕೇಟರ್: ಒಳ್ಳೆಯದೇ. ಬಿಜಾಗರಿ, ಸ್ಕ್ರೂ ಎರಡೂ ಹಿತ್ತಾಳೆ. ಮಳೆಗಾಲಕ್ಕೆ ಉಬ್ಬುತ್ತದೆ, ಸುತ್ತ 4 ಮಿಮೀ ಸಂದು ಬಿಡಿ.

ಕಾಪು: 304 ಮತ್ತು 316 ವ್ಯತ್ಯಾಸ ಏನು?

ಫ್ಯಾಬ್ರಿಕೇಟರ್: ಓದಿ ಕೇಳಿ ಮಾರಾಯ್ರೆ. ಮೂರನೇ ಸಲ.

ಕುಂದಾಪುರ: ಕೇಳಿದರೆ ಸಿಟ್ಟು ಮಾಡುವುದಾದರೆ ಪ್ರಶ್ನೋತ್ತರ ಯಾಕೆ?

ಮಲ್ಪೆ: ಫೋಟೊ ಹಾಕಿದ್ದೇನೆ. ವಾಷರ್ ಇಲ್ಲ. ಸ್ಕ್ರೂ ತಲೆಯೂ ಕೆಂಪಗಿದೆ.

ಫ್ಯಾಬ್ರಿಕೇಟರ್: ನೋಡಿದೆ. ಅದು ಜಿಂಕ್ ಲೇಪಿಸಿದ ಕಬ್ಬಿಣದ ಸ್ಕ್ರೂ. ಎಲ್ಲವನ್ನೂ ತೆಗೆಸಿ 316 ಸ್ಕ್ರೂ, ನೈಲಾನ್ ವಾಷರ್ ಹಾಕಿಸಿ. ಮೊದಲು ತೂತಿನ ಅಂಚನ್ನು ಉಗುರಿನಿಂದ ಕೆರೆದು ನೋಡಿ. ಗಟ್ಟಿ ಲೋಹ ಸಿಕ್ಕಿದರೆ ಪುಡಿ ತೆಗೆದು, ಎಪಾಕ್ಸಿ ಪ್ರೈಮರ್ ಹಚ್ಚಿ ಒಣಗಿಸಿ. ಪದರ ಪದರವಾಗಿ ಎದ್ದರೆ ಕೆಳಪಟ್ಟಿಯನ್ನೇ ಬದಲಿಸಬೇಕು. ಜಾಲರಿ ಹಾಗೇ ಉಳಿಸಿಕೊಳ್ಳಬಹುದು.

ಹೊನ್ನಾವರ: ದಾರದ ಬಗ್ಗೆ ಕೇಳಿದ್ದೆ. ಯಾರೂ ಹೇಳಲಿಲ್ಲ.