ಕೆಲಸದ ಭವಿಷ್ಯದ ಬಗ್ಗೆ ಸ್ವತಂತ್ರವಾಗಿ ಬರೆಯಬೇಕೆಂದಿದ್ದೇನೆ: ಅನುಭವವಿರುವವರು ತಿಳಿಸಿ

ಒಂಬತ್ತು ವರ್ಷ ಡೆಸ್ಕ್: ಪತ್ರಿಕೆಯೊಂದರ ಡೆಸ್ಕಿನಲ್ಲಿ, ಅಂದರೆ ಸುದ್ದಿಗಳನ್ನು ತಿದ್ದಿ ಜೋಡಿಸುವ ವಿಭಾಗದಲ್ಲಿ, ಉಪಸಂಪಾದಕಿಯಾಗಿದ್ದೇನೆ. ಯಾಂತ್ರೀಕರಣ, ಗಿಗ್ ದುಡಿಮೆ (ಕಾಯಂ ನೌಕರಿಯಿಲ್ಲದ ಬಿಡಿ ಕೆಲಸ), ಮನೆಯಿಂದ ಕೆಲಸ, ವಾರಕ್ಕೆ ನಾಲ್ಕೇ ದಿನದ ದುಡಿಮೆ, ಇವುಗಳ ಬಗ್ಗೆ ನೌಕರಿ ಬಿಟ್ಟು ಸ್ವತಂತ್ರವಾಗಿ ಬರೆಯುವ ಆಸೆಯಿದೆ. ಆರು ತಿಂಗಳ ಖರ್ಚಿಗಾಗುವಷ್ಟು ಉಳಿತಾಯವಿದೆ. ಇದೊಂದೇ ವಿಷಯವನ್ನು ನೆಚ್ಚಿಕೊಳ್ಳಬಹುದೇ?

ಏಳನೇ ವರ್ಷ: ನಾನು ನೌಕರಿ ಬಿಟ್ಟಾಗ ಎಂಟು ತಿಂಗಳಿಗೆ ಸಾಲುವಷ್ಟು ಹಣವಿತ್ತು, ಐದನೆಯ ತಿಂಗಳಲ್ಲೇ ಅದು ಬರಿದಾಯಿತು. ಕೆಲಸ ಸಿಗಲಿಲ್ಲವೆಂದಲ್ಲ, ಮಾಡಿದ ಕೆಲಸದ ಸಂಭಾವನೆ ಕೈಸೇರಲಿಲ್ಲ. ಮೊದಲ ವರ್ಷದ ಲೆಕ್ಕವನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ಸಂಪಾದಕರಿಗೆ ಕಳುಹಿಸಿದ ಪ್ರಸ್ತಾವಗಳು 63. ಅವುಗಳಲ್ಲಿ 41ಕ್ಕೆ ಉತ್ತರವೇ ಬರಲಿಲ್ಲ, 11 ತಿರಸ್ಕೃತವಾದವು, 11 ಒಪ್ಪಿಗೆಯಾದವು. ಒಪ್ಪಿಗೆಯಾದವುಗಳಲ್ಲೂ ಎರಡು ಪ್ರಕಟವಾಗಲಿಲ್ಲ. ಒಂದಕ್ಕೆ ಅರ್ಧ ಸಂಭಾವನೆ ಕೊಟ್ಟರು, ಇನ್ನೊಂದಕ್ಕೆ ಏನೂ ಕೊಡಲಿಲ್ಲ. ಎಲ್ಲಕ್ಕಿಂತ ಬೇಗ ಬಂದ ಹಣ 24ನೇ ದಿನಕ್ಕೆ ಬಂತು, ಎಲ್ಲಕ್ಕಿಂತ ತಡವಾದದ್ದು 197ನೇ ದಿನಕ್ಕೆ, ಅದೂ ಹದಿನಾಲ್ಕು ಬಾರಿ ನೆನಪಿಸಿದ ಮೇಲೆ.

ಗೋದಾಮಿನ ಕೆಲಸಗಾರರ ವರದಿಯೊಂದಕ್ಕೆ ಐದು ವಾರ ಹಿಡಿಯಿತು. ವಸ್ತುವೊಂದನ್ನು ಕಪಾಟಿನಿಂದ ತೆಗೆಯಲು ಎಷ್ಟು ಸೆಕೆಂಡು ತಗಲಿತೆಂದು ಕೈಯಲ್ಲಿರುವ ಸ್ಕ್ಯಾನರ್ ದಾಖಲಿಸುತ್ತಿತ್ತು. ನೀರು ಕುಡಿಯಲು ನಿಂತ ಹೊತ್ತು ಕೂಡ ವ್ಯರ್ಥಕಾಲವೆಂದು ಲೆಕ್ಕಕ್ಕೆ ಬರುತ್ತಿತ್ತು. ಇದನ್ನೆಲ್ಲ ವಿವರಿಸಿದ ಕೆಲಸಗಾರ್ತಿ ಪ್ರಕಟಣೆಯ ಹಿಂದಿನ ರಾತ್ರಿ ತಮ್ಮ ಮಾತು ಬೇಡವೆಂದರು. ಬೆಳಗಿನವರೆಗೆ ಕುಳಿತು ವರದಿಯನ್ನು ತಿರುಗಿ ಬರೆದೆ. ಗಂಟೆಗಳ ಲೆಕ್ಕ ಹಾಕಿದರೆ ಹಳೆಯ ಸಂಬಳದ ಮೂರನೇ ಒಂದು ಭಾಗವೂ ದಕ್ಕಿರಲಿಲ್ಲ. ಆದರೆ ಡೆಸ್ಕಿನಲ್ಲಿಯೇ ಕುಳಿತಿದ್ದರೆ ಆ ವರದಿ ನನ್ನಿಂದ ಆಗುತ್ತಿರಲಿಲ್ಲ, ಹಾಗಾಗಿ ಒಂದು ದಿನವೂ ಪಶ್ಚಾತ್ತಾಪಪಟ್ಟಿಲ್ಲ.

ಮರಳಿ ಡೆಸ್ಕಿಗೆ: ಆ ಮಾತನ್ನು ನಾನು ಹೇಳಲಾರೆ. ಮೂರು ವರ್ಷ ಹವ್ಯಾಸಿ ಪತ್ರಕರ್ತನಾಗಿದ್ದು, ಮೊದಲಿಗಿಂತ ಕೆಳಗಿನ ಹುದ್ದೆಗೆ ಮರಳಿದವನು ನಾನು. ಅಮೆರಿಕದ ಶೇ 47ರಷ್ಟು ಉದ್ಯೋಗಗಳು ಗಣಕೀಕರಣದ ಹೆಚ್ಚಿನ ಅಪಾಯದಲ್ಲಿವೆ ಎಂದು 2013ರಲ್ಲಿ ಆಕ್ಸ್‌ಫರ್ಡ್‌ನ ಇಬ್ಬರು ಸಂಶೋಧಕರು ಅಂದಾಜಿಸಿದ್ದರು. ಅದನ್ನು ನಾನು ಅರ್ಧದಷ್ಟು ಉದ್ಯೋಗಗಳು ಮಾಯವಾಗಲಿವೆ ಎಂದು ಬರೆದೆ. ಅವರು ಅಳೆದದ್ದು ತಾಂತ್ರಿಕ ಸಾಧ್ಯತೆಯನ್ನು; ಎಷ್ಟು ನೌಕರಿಗಳು ನಿಜಕ್ಕೂ ಹೋಗುತ್ತವೆಂದು ಅವರು ಹೇಳಿರಲಿಲ್ಲ. ಇಡೀ ವೃತ್ತಿಯ ಬದಲು ಅದರೊಳಗಿನ ಬಿಡಿ ಕೆಲಸಗಳನ್ನು ಪರಿಶೀಲಿಸಿದ ಒಇಸಿಡಿಯ (ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆ) 2016ರ ಅಧ್ಯಯನದಲ್ಲಿ, ಅಪಾಯದಲ್ಲಿರುವ ಉದ್ಯೋಗಗಳ ಪ್ರಮಾಣ 21 ದೇಶಗಳ ಸರಾಸರಿಯಲ್ಲಿ ಶೇ 9ಕ್ಕೆ ಇಳಿಯಿತು. ನನ್ನ ತಪ್ಪನ್ನು ತಿದ್ದಿ ಇನ್ನೊಂದು ಲೇಖನ ಬರೆಯುತ್ತೇನೆಂದಾಗ ಆರು ಕಡೆಯಿಂದ ತಿರಸ್ಕಾರ ಬಂತು. ಭಯ ಹುಟ್ಟಿಸಿದ ಮೊದಲ ಲೇಖನಕ್ಕೆ ಎರಡೇ ದಿನದಲ್ಲಿ ಒಪ್ಪಿಗೆ ಸಿಕ್ಕಿತ್ತು.

ಸಂಸ್ಥೆಯ ವಿಮೆ ಮುಗಿದ ಏಳನೇ ವಾರ ಕಾಲು ಮುರಿಯಿತು. ಹನ್ನೊಂದು ವಾರ ಹೊರಗೆ ಹೋಗಲಾಗಲಿಲ್ಲ. ಒಪ್ಪಿಕೊಂಡಿದ್ದ ನಾಲ್ಕು ವರದಿಗಳಲ್ಲಿ ಮೂರು ಬೇರೆಯವರ ಪಾಲಾದವು, ನಾನು ಮುಂಗಡ ಕೊಟ್ಟಿದ್ದ ಪ್ರಯಾಣದ ಖರ್ಚು ಮರಳಲಿಲ್ಲ.

ಏಳನೇ ವರ್ಷ: ನಿಮ್ಮ ಕಷ್ಟ ಅರ್ಥವಾಗುತ್ತದೆ, ಆದರೆ 'ಹವ್ಯಾಸಿ' ಎಂಬ ಪದವನ್ನು ದಯವಿಟ್ಟು ಬಿಡಿ. ಬಿಡುವಿನ ವೇಳೆಗೆ ಬರೆಯುವವರೆಂದು ನಾವೇ ಒಪ್ಪಿಕೊಂಡ ಮೇಲೆ ಸಂಭಾವನೆಯನ್ನು ಹಕ್ಕಿನಿಂದ ಕೇಳುವುದು ಹೇಗೆ?

ಮರಳಿ ಡೆಸ್ಕಿಗೆ: ಕನ್ನಡ ಪತ್ರಿಕೆಗಳು ಬಹುಕಾಲದಿಂದ ಬಳಸುತ್ತಿರುವ ಪದ ಅದು, ನಾನು ಹುಟ್ಟಿಸಿದ್ದಲ್ಲ. ಪದವನ್ನು ತಿದ್ದುವ ಮೊದಲು 197 ದಿನ ಕಾಯಿಸಿದವರನ್ನು ತಿದ್ದಬೇಕಿತ್ತು.

ವಾರಕ್ಕೆರಡು ದಿನ: ಇಬ್ಬರೂ ಒಂದೇ ಆದಾಯವನ್ನು ನೆಚ್ಚಿಕೊಂಡದ್ದೇ ತಪ್ಪು. ನಾನು ವಾರದ ಮೂರು ದಿನ ಯಾಂತ್ರೀಕರಣದ ತಂತ್ರಾಂಶ ಮಾರುವ ಕಂಪನಿಯೊಂದಕ್ಕೆ ಬರೆದುಕೊಡುತ್ತೇನೆ, ಉಳಿದೆರಡು ದಿನ ಪತ್ರಿಕೋದ್ಯಮ. ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಮನೆ ಬಾಡಿಗೆ ತಡವಾಗಿಲ್ಲ. ಬ್ರಿಟನ್‌ನಲ್ಲಿ 2022ರಲ್ಲಿ 61 ಸಂಸ್ಥೆಗಳು ನಾಲ್ಕು ದಿನದ ವಾರವನ್ನು ಪ್ರಯೋಗಿಸಿದಾಗ ಅದನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ಬರೆಯಲು ಸಾಧ್ಯವಾದದ್ದು ಆ ಮೂರು ದಿನದ ಹಣದಿಂದಲೇ.

ಏಳನೇ ವರ್ಷ: ನೀವು ಯಾರಿಗಾಗಿ ದುಡಿಯುತ್ತೀರೆಂಬುದನ್ನು ನಿಮ್ಮ ಲೇಖನಗಳ ಕೆಳಗೆ ತಿಳಿಸುತ್ತೀರಾ?

ವಾರಕ್ಕೆರಡು ದಿನ: ಆ ಕಂಪನಿಯ ಬಗ್ಗೆ ನಾನು ಒಂದು ಸಾಲನ್ನೂ ಬರೆದಿಲ್ಲ, ಆದ್ದರಿಂದ ತಿಳಿಸುವ ಅಗತ್ಯ ಬಂದಿಲ್ಲ.

ಏಳನೇ ವರ್ಷ: ಕಂಪನಿಯ ಬಗ್ಗೆ ಬರೆಯದಿದ್ದರೂ ಅದು ಮಾರುವ ಯಾಂತ್ರೀಕರಣದ ಬಗ್ಗೆಯೇ ಬರೆಯುತ್ತೀರಿ. ಅದು ಓದುಗರಿಗೆ ಗೊತ್ತಿರಲೇಬೇಕು, ಇದರಲ್ಲಿ ಚೌಕಾಸಿಯಿಲ್ಲ.

ಧ್ವನಿಯಿಂದ ಅಕ್ಷರಕ್ಕೆ: ನನ್ನ ಎರಡನೇ ಆದಾಯ ಸಂದರ್ಶನಗಳ ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸುವುದಾಗಿತ್ತು. ಒಂದು ಗಂಟೆಯ ಧ್ವನಿಗೆ ನಾಲ್ಕು ಗಂಟೆಯ ದುಡಿಮೆ, ತಿಂಗಳಿಗೆ ಇಪ್ಪತ್ತು ಗಂಟೆಯ ಧ್ವನಿ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್‌ನಲ್ಲಿ. ಅದಕ್ಕೂ ಮೊದಲೇ ಧ್ವನಿಯನ್ನು ಅಕ್ಷರಕ್ಕಿಳಿಸುವ ತಂತ್ರಾಂಶಗಳಿಂದ ನನ್ನ ಕೆಲಸ ಅರ್ಧಕ್ಕಿಳಿದಿತ್ತು. ಈಗ ಬರುವುದು ಯಂತ್ರ ಬರೆದದ್ದನ್ನು ತಿದ್ದುವ ಕೆಲಸ ಮಾತ್ರ. ಅದಕ್ಕೆ ಹಳೆಯ ದರದ ಮೂರನೇ ಒಂದು ಭಾಗ ಕೊಡುತ್ತಾರೆ. ಯಂತ್ರ ಹೆಸರುಗಳನ್ನು ತಪ್ಪಾಗಿ ಕೇಳಿಸಿಕೊಂಡಿರುವುದರಿಂದ ಹೊತ್ತು ಮಾತ್ರ ಹಿಂದಿನದರ ಮೂರನೇ ಎರಡು ಭಾಗ ಹಿಡಿಯುತ್ತದೆ.

ಕಾನೂನು ಕಾಯುತ್ತದೆಂಬ ನಂಬಿಕೆಯೂ ನನಗೆ ಪೂರ್ತಿ ಉಳಿದಿಲ್ಲ. ಗಿಗ್ ಕೆಲಸಗಾರರನ್ನು ನೌಕರರೆಂದು ಗುರುತಿಸಲು ಕ್ಯಾಲಿಫೋರ್ನಿಯಾ ತಂದ ಕಾನೂನು 2020ರ ಜನವರಿಯಲ್ಲಿ ಜಾರಿಗೆ ಬಂದಾಗ, ಸ್ವತಂತ್ರ ಪತ್ರಕರ್ತರೊಬ್ಬರು ಒಂದೇ ಪ್ರಕಾಶನಕ್ಕೆ ವರ್ಷಕ್ಕೆ 35ಕ್ಕಿಂತ ಹೆಚ್ಚು ಬರಹ ಕೊಟ್ಟರೆ, ನೌಕರರೆಂದು ಪರಿಗಣಿಸದೆ ಸ್ವತಂತ್ರರಾಗಿ ಬಿಡುವ ವಿನಾಯಿತಿ ತಪ್ಪುತ್ತಿತ್ತು. ವಾರಕ್ಕೊಂದು ಅಂಕಣ ಬರೆದರೂ 52 ಆಗುತ್ತದೆ. ಅವರನ್ನು ನೌಕರಿಗೆ ತೆಗೆದುಕೊಳ್ಳುವ ಬದಲು ಕೈಬಿಟ್ಟ ಪ್ರಕಾಶನಗಳಿದ್ದವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆ ಮಿತಿಯನ್ನು ತೆಗೆದರು.

ಮರಳಿ ಡೆಸ್ಕಿಗೆ: ಕಾನೂನನ್ನು ದೂರಬೇಡಿ. ನೌಕರಿಯ ರಕ್ಷಣೆ ಇಲ್ಲದ್ದಕ್ಕೇ ನನ್ನ ಹನ್ನೊಂದು ವಾರ ಹಾಳಾದದ್ದು.

ಧ್ವನಿಯಿಂದ ಅಕ್ಷರಕ್ಕೆ: ದೂರುತ್ತಿಲ್ಲ. ವಾರಕ್ಕೊಂದು ಅಂಕಣಕ್ಕೂ ಸಾಲದ 35ರ ಮಿತಿ ಹಾಕಿದ್ದನ್ನು ಹೇಳುತ್ತಿದ್ದೇನೆ.

ವಾರಕ್ಕೆರಡು ದಿನ: ಏಳನೇ ವರ್ಷದವರಿಗೆ ಒಂದು ಪ್ರಶ್ನೆ. ನನ್ನ ನೈತಿಕತೆ ವಿಚಾರಿಸಿದಿರಿ, ಆದರೆ ಆ ಗೋದಾಮಿನ ಹೆಣ್ಣುಮಗಳನ್ನು ಹಿಂದಿನ ರಾತ್ರಿಯವರೆಗೂ ಭಯದಲ್ಲಿಟ್ಟವರು ಯಾರು? ಅವರ ಕೆಲಸ ಹೋಗಿದ್ದರೆ ವರದಿಯ ಮೇಲಿನ ನಿಮ್ಮ ಹೆಸರಿನಿಂದ (ಬೈಲೈನ್) ಅವರಿಗೇನು ಸಿಗುತ್ತಿತ್ತು?

ಏಳನೇ ವರ್ಷ: ಅವರ ಕೆಲಸ ಹೋಗಲಿಲ್ಲ. ಮರುವಾರ ಹೋಗಿ ಮಾತನಾಡಿಸಿದೆ, ಕ್ಷಮೆಯನ್ನೂ ಕೇಳಿದೆ. ಒಪ್ಪಿಗೆಯನ್ನು ಒಮ್ಮೆ ಪಡೆದು ಸುಮ್ಮನಾದದ್ದು ನನ್ನ ತಪ್ಪು. ಅಂದಿನಿಂದ ಪ್ರಕಟಣೆಗೆ ಮೂರು ದಿನ ಮೊದಲು ಅವರವರ ಮಾತಿರುವ ಭಾಗವನ್ನು ಅವರವರಿಗೆ ಓದಿ ಹೇಳುತ್ತೇನೆ, ಯಾವ ವಿವರದಿಂದ ಗುರುತು ಸಿಗಬಹುದೆಂದು ಅವರನ್ನೇ ಕೇಳುತ್ತೇನೆ. ಒಬ್ಬೊಬ್ಬರಿಗೆ ಒಂದು ಗಂಟೆ ಹಿಡಿಯುತ್ತದೆ, ಆ ಗಂಟೆಗೆ ಯಾರೂ ಸಂಭಾವನೆ ಕೊಡುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟಿದ್ದೇನೆ. ಲೇಖನದ ಕೆಳಗೆ ಒಂದು ಸಾಲು ಸೇರಿಸುವ ಬಗ್ಗೆ ನೀವು ಇನ್ನೂ ಉತ್ತರಿಸಿಲ್ಲ.